ಗೋಡೆಯ ಮೇಲಿನ ತಂಗಿ

ಭಾನುವಾರ,
ಮಧ್ಯಾಹ್ನದ ಊಟವಾದ ಮೇಲೆ

ಮಾಸ್ಟರಿಗೆ,

ನಿಮ್ಮ ಶಿಷ್ಯರೆಲ್ಲ ಕರೆಯುವ ಹಾಗೆಯೇ ಕರೆದಿದ್ದೇನೆ. ‘ರೀ’ ಎನ್ನಲು ಈಗ ಬಾಯಿ ಬರುವುದಿಲ್ಲ. ಹೆಸರು ಹಿಡಿದು ಕರೆಯುವ ರೂಢಿ ಮದುವೆಯಾದಾಗಿನಿಂದಲೂ ಇಲ್ಲ. ‘ಪ್ರೀತಿಯ’ ಎಂಬ ಮಾತನ್ನು ಒಮ್ಮೆ ಬರೆದು, ನೋಡಿ, ಹೊಡೆದುಹಾಕಿದ್ದೇನೆ. ಮೇಲುಗಡೆ ಮಸಿ ಕಾಣಿಸುತ್ತಿದ್ದರೆ ಅದೇ.

ನಿಮ್ಮ ಕಾಗದ ತಲುಪಿತು. ಮೊದಲ ಸಾಲಿನಲ್ಲಿ ಹೇಗಿದ್ದೀಯ ಎಂದು ಕೇಳಿದ್ದೀರಿ, ಎರಡನೆಯದರಲ್ಲಿ ಈಗ ಎಷ್ಟು ತೂಕವಿದ್ದೀಯ ಎಂದು. ಆಮೇಲೆ ವಿಷಯಕ್ಕೆ ಬಂದಿದ್ದೀರಿ. ಪೇಟೆಯ ಆಚೆ ತುದಿಯಲ್ಲಿ ಇನ್ನೊಂದು ಜಿಮ್ ತೆರೆಯುತ್ತಿದ್ದೀರಿ, ಅದರ ಮುಂಬಾಗಿಲ ಗಾಜಿಗೆ ನನ್ನ ಆ ಫೋಟೋವನ್ನು ಆಳೆತ್ತರ ಮಾಡಿಸಿ ಅಂಟಿಸಬೇಕು, ನನ್ನ ಒಪ್ಪಿಗೆಯಿದೆ ಎಂದು ಎರಡು ಸಾಲು ಬರೆದು ಕಳಿಸಬೇಕು. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ. ತಾಳ್ಮೆಯಿಂದ ಓದಿ.

ಮೊದಲು ತೂಕದ ಪ್ರಶ್ನೆ. ಇವತ್ತು ಅನ್ನ ಉಂಡೆ. ಜೊತೆಗೆ ಸೊಪ್ಪು, ಬೇಯಿಸಿದ ಕಾಳು, ಒಂದು ಮೊಟ್ಟೆ. ಬೆಳಗ್ಗೆ ಬ್ರೆಡ್ಡು ತಿಂದೆ. ನಿನ್ನೆ ಆಲೂಗಡ್ಡೆ, ಸಿಪ್ಪೆ ಸಮೇತ. ಇದನ್ನು ಓದುವಾಗ ನೀವು ಹೇಗೆ ಮೂಗು ಮುರಿಯುತ್ತೀರೆಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಉಂಡು, ತಟ್ಟೆ ತೊಳೆದಿಟ್ಟು, ಬರೆಯಲು ಕೂತಿದ್ದೇನೆ. ತೂಕ ಎಷ್ಟೆಂದು ನಿಮಗೆ ತಿಳಿಯಬೇಕಾಗಿಲ್ಲ.

ಹೇಗಿದ್ದೇನೆ ಎಂಬುದಕ್ಕೆ ಉತ್ತರ ಚಿಕ್ಕದು. ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಅಂಗಡಿಯ ಕೆಲಸವೇ ಈಗಲೂ. ಮಹಡಿಯ ಮೇಲಿನ ಕೋಣೆಯನ್ನು ಒಡತಿ ನನಗೇ ಬಿಟ್ಟುಕೊಟ್ಟಿದ್ದಾಳೆ. ಕೆಳಗಿನಿಂದ ಇಸ್ತ್ರಿಯ ಹಬೆ ಬರುತ್ತದೆ, ಚಳಿಗಾಲಕ್ಕೆ ಒಳ್ಳೆಯದು. ಗಿರಾಕಿಗಳ ಮಾತು ಕೇಳಿ ಹೊತ್ತು ಹೋಗುತ್ತದೆ. ಸೊಂಟ ಬಿಡಿಸಲು ಬರುವವರು ಯಾರೂ ದಪ್ಪಗಾಗಿದ್ದೇನೆ ಎನ್ನುವುದಿಲ್ಲ. “ಒಂದು ಸಲ ಒಗೆದಿದ್ದಕ್ಕೇ ಹೆಂಗೆ ಕುಗ್ಗಿಬಿಟ್ಟಿದೆ ನೋಡಿ” ಎನ್ನುತ್ತಾರೆ. ಈ ನಡುವೆ ನೀರೇ ಸರಿಯಿಲ್ಲ ಬಿಡಿ ಎಂದು ನಾನೂ ಅನ್ನುತ್ತೇನೆ. ಕಳ್ಳನಿಗೊಂದು ಪಿಳ್ಳೆ ನೆವ. ಆ ನೆವಕ್ಕೆ ಗುಂಡಿ ಹೊಲಿದುಕೊಡುವುದು ನನ್ನ ಕಸುಬು.

ಇನ್ನು ಫೋಟೋ.

ನಿಮ್ಮ ಲೆಕ್ಕದಲ್ಲಿ ಅದು ಅನ್ನ, ಬ್ರೆಡ್ಡು ಬಿಟ್ಟು ಗೆದ್ದವಳ ಫೋಟೋ. ಜಿಮ್ಮಿನ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಹಾಕಿದ್ದೀರಿ. ದುಂಡು ಮುಖದವಳು ನಗುತ್ತಿರುವುದರ ಕೆಳಗೆ ‘ಮೊದಲು’. ಕಪ್ಪು ಬಟ್ಟೆ ತೊಟ್ಟು, ಕೆನ್ನೆ ಒಳಗೆ ಹೋಗಿ, ಎತ್ತಲೋ ನೋಡುತ್ತಿರುವವಳ ಕೆಳಗೆ ‘ನಂತರ’. ಯಾವುದರ ನಂತರ ಎಂದು ಇಷ್ಟು ವರ್ಷ ಒಬ್ಬರೂ ನಿಮ್ಮನ್ನು ಕೇಳಿಲ್ಲ.

ಅಮ್ಮ ಹೋದ ನಂತರ.

ಅಮ್ಮನ ಗಂಟಲಲ್ಲಿ ಗಡ್ಡೆಯಾಗಿ, ನೀರು ಕೂಡ ಇಳಿಯದೆ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದಲ್ಲಿ ಇದ್ದದ್ದು ನಾನೊಬ್ಬಳೇ. ನುಂಗಲಾರದವಳ ಎದುರು ಊಟದ ಡಬ್ಬಿ ಬಿಚ್ಚುವುದು ಹೇಗೆ? ಹೊರಗೆ ಬೆಂಚಿನ ಮೇಲೆ ತಿನ್ನಲು ಹೋದರೆ ತುತ್ತು ನನ್ನ ಗಂಟಲಲ್ಲೂ ನಿಲ್ಲುತ್ತಿತ್ತು. ಡಬ್ಬಿಯನ್ನು ಹಾಗೆಯೇ ಮುಚ್ಚಿ ಒಳಗೆ ಹೋದರೆ ಅಮ್ಮ, ಮಾತು ನಿಂತುಹೋಗಿದ್ದವಳು, ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಹುಬ್ಬೇರಿಸುತ್ತಿದ್ದಳು. ಊಟ ಆಯ್ತಾ ಅಂತ. ಆಯ್ತಮ್ಮ ಎನ್ನುತ್ತಿದ್ದೆ. ಅವಳು ನಂಬದೆ ಮುಖ ಆಚೆ ತಿರುಗಿಸುತ್ತಿದ್ದಳು. ಹೆತ್ತವಳಿಗೆ ಮಗಳ ಹೊಟ್ಟೆ ಗೊತ್ತಾಗದೆ ಇರುತ್ತದೆಯೇ?

ಒಂದು ಸಂಜೆ ನೀವು ಬಂದಿರಿ. ಮಂಚದ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತಿರಿ. ನಿಮ್ಮನ್ನು ಬೀಳ್ಕೊಡಲು ನಾನು ಮೆಟ್ಟಿಲವರೆಗೆ ಬಂದಾಗ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಹೇಳಿದಿರಿ: “ಮುಖ ಎಷ್ಟು ಚೆನ್ನಾಗಿ ಇಳಿದಿದೆ ನೋಡು! ದವಡೆ ಗೆರೆ ಬಂದಿದೆ. ನಾನು ಹೇಳಿರ್ಲಿಲ್ವಾ, ಅನ್ನ ಬಿಟ್ರೆ ಸಾಕು ಅಂತ?”

ನನಗೆ ಆಗ ಕೋಪ ಬರಲಿಲ್ಲ. ಇದು ಇವತ್ತಿಗೂ ನನ್ನನ್ನು ಕಾಡುತ್ತದೆ. ಖುಷಿಯಾಯಿತು. ಒಳಗೆ ಅಮ್ಮ ಸಾಯುತ್ತಿದ್ದಳು, ನಾನು ಆಸ್ಪತ್ರೆಯ ಕಿಟಕಿಯ ಗಾಜಿನಲ್ಲಿ ನನ್ನ ದವಡೆ ನೋಡಿಕೊಂಡೆ. ಮನುಷ್ಯರನ್ನು ನೀವು ಹಾಗೆ ಪಳಗಿಸುತ್ತೀರಿ ಮಾಸ್ಟರ್.

ಅಮ್ಮನನ್ನು ಕಳಿಸಿಕೊಟ್ಟು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕಪ್ಪು ಬಟ್ಟೆ ತೊಡಿಸಿ ಜಿಮ್ಮಿನ ಬಿಳಿ ಗೋಡೆಗೆ ನಿಲ್ಲಿಸಿದಿರಿ. ನಗಲು ಹೋದೆ, ಬರಲಿಲ್ಲ. “ನಗ್ಬೇಡ, ಹಾಗೇ ಇರು, ಗಂಭೀರವಾಗಿ ಚೆನ್ನಾಗಿದೆ” ಎಂದಿರಿ. ಅದೇ ಆ ಫೋಟೋ.

ದುಃಖ ಎಷ್ಟು ದೊಡ್ಡದಾದರೂ ಒಂದು ದಿನ ಹಸಿವೆಯಾಗುತ್ತದೆ. ನನಗೂ ಆಯಿತು. ತಿಂದೆ. ಮೈ ತುಂಬಿಕೊಳ್ಳತೊಡಗಿತು. ನೀವು ಅಕ್ಕಿಯ ಡಬ್ಬಿಯನ್ನು ಅಟ್ಟಕ್ಕೇರಿಸಿದಿರಿ. ಅನ್ನಕ್ಕೆ ‘ಬಿಳಿ ವಿಷ’ ಎಂದು ಹೆಸರಿಟ್ಟಿರಿ. ನಾನು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು, ಅದರ ಸದ್ದಿನ ಮರೆಯಲ್ಲಿ, ನಿಂತಲ್ಲೇ ಬ್ರೆಡ್ಡು ನುಂಗುತ್ತಿದ್ದೆ. ನುಂಗಿದ ಮೇಲೆ ಕಾಲು ಸೋಲುವವರೆಗೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಹಗಲೆಲ್ಲ ಉಪವಾಸ, ಸಂಜೆಗೆ ಸಿಕ್ಕಿದ್ದೆಲ್ಲ ಬಾಯಿಗೆ, ಆಮೇಲೆ ನನ್ನನ್ನು ನಾನೇ ಬೈದುಕೊಳ್ಳುವುದು. ತೂಕ ಇಳಿಯಲಿಲ್ಲ, ಏರಿತು. ನೀವು ನನಗೆ ಬೈಯಲಿಲ್ಲ, ಅದನ್ನೂ ಹೇಳಬೇಕು. ಬರೀ ನೋಡುತ್ತಿದ್ದಿರಿ, ಕೆಟ್ಟುಹೋದ ಯಂತ್ರವನ್ನು ನೋಡುವ ಹಾಗೆ. ಆಮೇಲೆ ಒಂದು ದಿನ, ಜಿಮ್ಮಿಗೆ ಬರುವುದಿದ್ದರೆ ಹಿಂದಿನ ಬಾಗಿಲಿನಿಂದ ಬಾ, ಬರುವವರಿಗೆ ಗೊಂದಲವಾಗುತ್ತದೆ ಎಂದಿರಿ.

ಆ ದಿನ ಹಿಂದಿನ ಬಾಗಿಲಿಗೆ ಬೀಗ ಹಾಕಿತ್ತು. ನೀವು ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಡಲು ಮುಂದಿನಿಂದಲೇ ಬಂದೆ. ಹೊಸದಾಗಿ ಸೇರಲು ಬಂದಿದ್ದ ದಂಪತಿ ಫೋಟೋದ ಮುಂದೆ ನಿಂತಿದ್ದರು. ಆ ಹೆಂಗಸು ನನ್ನನ್ನೂ ಗೋಡೆಯನ್ನೂ ಮತ್ತೆ ನನ್ನನ್ನೂ ನೋಡಿ, “ಇವರು...?” ಎಂದು ಎಳೆದಳು. ನೀವು ಒಂದು ಕ್ಷಣವೂ ತಡಮಾಡಲಿಲ್ಲ.

“ಅವಳ ಅಕ್ಕ” ಎಂದಿರಿ.

ಕನ್ನಡಕವನ್ನು ಮೇಜಿನ ಮೇಲಿಟ್ಟು ಬಂದೆ. ಅವತ್ತೇ ಬಟ್ಟೆ ಕಟ್ಟಿಕೊಂಡೆ. ಮರುವಾರ ನಿಮ್ಮ ಅಕ್ಕ ನನ್ನನ್ನು ಹುಡುಕಿಕೊಂಡು ಬಂದು ಕೇಳಿದರು: “ಹೊಡೆದ್ನಾ? ಬಡಿದ್ನಾ? ಕುಡಿದ್ನಾ? ಅನ್ನ ತಿನ್ಬೇಡ ಅಂದಿದ್ದಕ್ಕೆ ಯಾರಾದ್ರೂ ಮನೆ ಬಿಡ್ತಾರೇನೆ?” ಅತ್ತಿಗೆಗೆ ಏನು ಹೇಳಲಿ? ನಿಮ್ಮ ತಮ್ಮನಿಗೆ ಹೆಂಡತಿಯ ಅಕ್ಕನಾಗಿಬಿಟ್ಟೆ, ಅದಕ್ಕೇ ಬಿಟ್ಟೆ ಎನ್ನಲೇ? ಸುಮ್ಮನೆ ಟೀ ಮಾಡಿಕೊಟ್ಟೆ.

ತೂಕ ಇಳಿಸುವುದನ್ನು ನಾನು ಬಿಟ್ಟಿಲ್ಲ. ಮಂಡಿ ಹಿಡಿದುಕೊಂಡು ಮಹಡಿ ಹತ್ತಲಾಗದೆ ಡಾಕ್ಟರ ಹತ್ತಿರ ಹೋದೆ. ಸಕ್ಕರೆಯೂ ಅಂಚಿಗೆ ಬಂದಿದೆ, ತೂಕ ಇಳಿಸಲೇಬೇಕು ಎಂದು ಅವರು ಒಬ್ಬ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ಕಟಕಟೆಯಲ್ಲಿ ನಿಂತವಳ ಹಾಗೆ ಕೈ ಕಟ್ಟಿಕೊಂಡು, ಅವಳು ಬಾಯಿ ಬಿಡುವ ಮೊದಲೇ, “ನಾಳೆಯಿಂದ ಅನ್ನ ಬಿಟ್ಬಿಡ್ತೀನಿ ಮೇಡಂ” ಎಂದೆ.

“ಯಾಕೆ? ಅನ್ನ ನಿಮಗೇನು ಮಾಡ್ತು?” ಎಂದಳು ಆಕೆ.

ಅಳತೆ ಇರಲಿ, ಆದರೆ ಹೆದರಿಕೆ ಬೇಡ ಎಂದಳು. ತಟ್ಟೆಯಲ್ಲಿ ಅನ್ನ ಒಂದೇ ಇರಬಾರದು, ಕಾಳು ತರಕಾರಿ ಅದಕ್ಕಿಂತ ಹೆಚ್ಚಿರಲಿ, ಪಾಲಿಶ್ ಕಡಿಮೆ ಮಾಡಿದ ಅಕ್ಕಿಯಾದರೆ ಇನ್ನೂ ಒಳ್ಳೆಯದು, ಹೊತ್ತಿಗೆ ಸರಿಯಾಗಿ ಉಣ್ಣಿ. “ತಿಂದಿದ್ದಕ್ಕೆ ಶಿಕ್ಷೆ ಕೊಟ್ಕೊಳ್ಳೋದನ್ನ ಮಾತ್ರ ನಿಲ್ಲಿಸಿ. ನಿಮ್ಮನ್ನ ದಪ್ಪ ಮಾಡಿರೋದು ಅದೂ ಹೌದು” ಎಂದಳು. ಇವಳಿಗೇನು ಗೊತ್ತು ಎಂದು ಸಿಟ್ಟು ಮಾಡಿಕೊಂಡೇ ಮನೆಗೆ ಬಂದೆ. ಮೊದಮೊದಲು ಪ್ರತಿ ತುತ್ತಿಗೂ ನಿಮ್ಮ ದನಿ ಕೇಳಿಸುತ್ತಿತ್ತು. ಈಗ ಬಸವನ ಹುಳು ಹೋದ ಹಾಗೆ ತೂಕ ಇಳಿಯುತ್ತಿದೆ, ಆಗಾಗ ನಿಂತೂಬಿಡುತ್ತದೆ. ಮಂಡಿ ಪರವಾಗಿಲ್ಲ. ನಿಮ್ಮ ಗೋಡೆಗೆ ಏರುವಂಥ ಪವಾಡವೇನೂ ನಡೆದಿಲ್ಲ. ಎಲ್ಲ ದಿನವೂ ನೆಮ್ಮದಿಯಿಂದ ಉಣ್ಣುತ್ತೇನೆ ಎಂದರೂ ಸುಳ್ಳು. ಕೆಲವು ದಿನ ತಟ್ಟೆ ನೋಡಿದರೆ ಭಯವಾಗುತ್ತದೆ. ಭಯಪಟ್ಟುಕೊಂಡೇ ಉಣ್ಣುತ್ತೇನೆ.

ನಿಮ್ಮ ಕಾಗದಕ್ಕೆ ಇಷ್ಟರಲ್ಲೇ ‘ಆಗಲ್ಲ’ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮುಗಿಸಲು ಬಿಡದವಳು ರೈಲ್ವೆ ಟಿಕೆಟ್ ಕೌಂಟರಿನ ಹುಡುಗಿ. ನಿಮ್ಮ ಶಿಷ್ಯೆ, ನಿಮಗೆ ಗೊತ್ತು, ನೀವು ‘ಚಿಟ್ಟೆ’ ಎಂದು ಕರೆಯುವವಳು.

ಹೋದ ವಾರ ಸಮವಸ್ತ್ರದ ಪ್ಯಾಂಟು ಬಿಗಿ ಮಾಡಿಸಲು ಬಂದಿದ್ದಳು. ಹಿಂದೆ ನಾನೇ ಬಿಗಿ ಮಾಡಿಕೊಟ್ಟದ್ದು, ಈಗ ಮತ್ತೆ ಜಾರುತ್ತಿತ್ತು. ತೊಟ್ಟು ನೋಡಲು ಪರದೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಧಪ್ಪೆಂದು ಸದ್ದಾಯಿತು. ಪರದೆ ಸರಿಸಿದರೆ ಕನ್ನಡಿಗೆ ಒರಗಿ ಕುಸಿದಿದ್ದಾಳೆ, ತುಟಿ ಬಿಳುಚಿಕೊಂಡಿದೆ, ಮೈ ತಣ್ಣಗೆ ಬೆವರಿದೆ. ನೀರು ಚಿಮುಕಿಸಿ ಎಬ್ಬಿಸಿದೆ. ಏನು ತಿಂದಿದ್ದೀಯ ಎಂದರೆ ಸೌತೆಕಾಯಿ ಎಂದಳು. ನನ್ನ ಡಬ್ಬಿಯ ಬ್ರೆಡ್ಡು ಕೊಟ್ಟೆ. ಅವಳು ಅದನ್ನು ನೋಡಿದ ನೋಟ ನಾನು ಕಂಡದ್ದೇ, ನನ್ನದೇ ನೋಟ.

“ಬೇಡ ಆಂಟಿ. ಮಾಸ್ಟರಿಗೆ ಮಾತು ಕೊಟ್ಟಿದೀನಿ. ನಿಮ್ಮ ತಂಗಿ ಥರ ಆಗ್ಬೇಕು ನಾನು” ಎಂದಳು.

“ಯಾವ ತಂಗಿ?”

“ಅದೇ, ಗೋಡೆ ಮೇಲಿರೋರು. ಮಾಸ್ಟರೇ ಹೇಳಿದ್ರು, ಆ ಅಂಗಡೀಲಿ ಅವಳ ಅಕ್ಕ ಇದಾಳೆ, ಅವಳನ್ನ ನೋಡು, ಇವಳನ್ನ ನೋಡು ಅಂತ.”

ಮಾಸ್ಟರ್, ನನ್ನನ್ನು ಎರಡು ಮಾಡಿ, ಒಬ್ಬಳನ್ನು ತೋರಿಸಿ ಇನ್ನೊಬ್ಬಳಿಂದ ಹೆದರಿಸುತ್ತಿದ್ದಿರಿ. ನಾನು ಮನೆ ಬಿಟ್ಟ ಮೇಲೂ.

ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. “ನನಗೆ ತಂಗಿ ಇಲ್ಲಮ್ಮ. ಅದು ನಾನೇ” ಎಂದೆ. ಅವಳು ನಂಬಲಿಲ್ಲ. ಬಲಗಿವಿಯ ಕೆಳಗಿನ ಮಚ್ಚೆ ತೋರಿಸಿದೆ. ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. “ಹಾಗಾದ್ರೆ ಹೇಗೆ ಅಷ್ಟು ಇಳಿಸಿದ್ರಿ?” ಎಂದಳು. ಪಾಪ, ಆಗಲೂ ಅವಳಿಗೆ ಬೇಕಾಗಿದ್ದದ್ದು ಆ ಉಪಾಯ.

“ಅಮ್ಮ ಸತ್ತಿದ್ಳು” ಎಂದೆ.

ಹೊರಗೆ ಗಿರಾಕಿಗಳು ಗಂಟೆ ಬಾರಿಸುತ್ತಿದ್ದರು, ಒಡತಿ ಅವರಿಗೆ ಏನೋ ಹೇಳಿ ಕಳಿಸಿದಳು. ಹುಡುಗಿ ಬ್ರೆಡ್ಡಿನ ಅಂಚು ಮುರಿದು ಬಾಯಿಗಿಟ್ಟಳು. ಅಳುತ್ತ ತಿಂದಳು. ಪೂರ್ತಿ ತಿಂದಳು. “ಮಾಸ್ಟರಿಗೆ ಹೇಳ್ಬೇಡಿ” ಎಂದು ಕೈ ಹಿಡಿದುಕೊಂಡಳು. ಹೇಳುವುದಿಲ್ಲ ಎಂದಿದ್ದೆ. ಮಾತು ತಪ್ಪಿದ್ದೇನೆ, ಯಾಕೆಂದರೆ ಅವಳು ಇನ್ನು ನಿಮ್ಮ ಹತ್ತಿರ ಬರುವುದಿಲ್ಲ. ಪ್ಯಾಂಟು ಬಿಗಿ ಮಾಡಲಿಲ್ಲ, ಹಾಗೆಯೇ ಮಡಚಿ ಕೊಟ್ಟೆ. ಆಹಾರ ತಜ್ಞೆಯ ಹತ್ತಿರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.

ಆದ್ದರಿಂದ ಒಪ್ಪಿಗೆ ಇಲ್ಲ. ಹೊಸ ಜಿಮ್ಮಿಗೂ ಇಲ್ಲ, ಹಳೆಯ ಗೋಡೆಗೂ ಇಲ್ಲ. ಈ ಕಾಗದ ಕೈಸೇರಿದ ದಿನವೇ ಅದನ್ನು ಇಳಿಸಿ. ಇಳಿಸದಿದ್ದರೆ ಅಂಗಡಿಗೆ ರಜೆ ಹಾಕಿ, ಮುಂಬಾಗಿಲಿನಿಂದ ಬಂದು, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಬಂದವರಿಗೆಲ್ಲ ಅಮ್ಮನ ಕತೆ ಹೇಳುತ್ತೇನೆ. ಆಗ ಯಾರ ಅಕ್ಕ ಎನ್ನುತ್ತೀರೋ ಅನ್ನಿ.

ನೀವು ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸಿದರೆ ಹಗುರಾಗುತ್ತೀಯ ಎಂದು ಅಂಗಡಿಯ ಒಡತಿ ಹೇಳುತ್ತಾಳೆ. ಹಗುರಾಗುವ ಆಸೆಯಿಂದ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿದ್ದೇನೆ, ಇದೊಂದು ಭಾರ ಇದ್ದರೆ ಇರಲಿ.

ಇಂತಿ,
ಒಂದು ಕಾಲಕ್ಕೆ ನಿಮ್ಮವಳು

ವಿ.ಸೂ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸುವಾಗ ಮನಸ್ಸು ತಡೆಯಲಿಲ್ಲ. ಮಳೆಗಾಲದ ಕೊನೆಯಲ್ಲಿ ನೂಲು ತರಲು ಹಳೇ ಮಾರುಕಟ್ಟೆಗೆ ಹೋಗಿದ್ದಾಗ ನಿಮ್ಮನ್ನು ನೋಡಿದೆ. ಬೇಕರಿಯ ಪಕ್ಕದ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬನ್ನು ತಿನ್ನುತ್ತಿದ್ದಿರಿ. ಅಗಿಯುತ್ತಲೂ ಇರಲಿಲ್ಲ, ನುಂಗುತ್ತಿದ್ದಿರಿ. ಆಮೇಲೆ ಅಂಗಿಯ ಮೇಲಿನ ಪುಡಿ ಕೊಡವಿ, ಬೆರಳು ಮೂಸಿ ನೋಡಿಕೊಂಡಿರಿ. ಬೇಕರಿಯವನು ನೀವು ಕೇಳದೆಯೇ ಇನ್ನೊಂದನ್ನು ಕಟ್ಟಿ ಕೈಗಿಟ್ಟ. ಅಂದರೆ ಇದು ನಿನ್ನೆ ಮೊನ್ನೆಯ ರೂಢಿಯಲ್ಲ, ನಾನು ಆ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತಿನ್ನುತ್ತಿದ್ದಾಗಲೂ ಇತ್ತೇನೋ. ನಾನು ಕೂಗಿ ಕರೆಯಲಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಇನ್ನು ಮೇಲಾದರೂ ಕೂತು ತಿನ್ನಿ.