ಗಂಟಲಿನ ಕೆಲಸ ಬೆರಳಿಗೆ

ಮಗಳ ಮನೆಯಲ್ಲಿರುವ ನನ್ನವಳೇ,

ಮೊಮ್ಮಗಳು ಚೆನ್ನಾಗಿದ್ದಾಳೆ ತಾನೇ? ಆಪರೇಷನ್ನಿನಲ್ಲಿ ಹೋದ ನನ್ನ ದನಿ ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು. ಅದಕ್ಕೇ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೇನೆ. ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ.

ಆದರೆ ನನಗೆ ತಲೆಬುಡ ಒಂದೂ ಅರ್ಥವಾಗುತ್ತಿಲ್ಲ. ಕೀಲಿಗಳ ಮೇಲೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕೂತಿವೆ. ಮೌಸ್ ಮುಟ್ಟಿದರೆ ಬಾಣದ ಗುರುತು ಎಲ್ಲಿಗೋ ಓಡುತ್ತದೆ. ಒಮ್ಮೆ ಒತ್ತಬೇಕೋ ಎರಡು ಸಲವೋ, ಅದೂ ಗೊಂದಲ.

"ಬೆನ್ನು ನೆಟ್ಟಗೆ, ಪಾದ ನೆಲಕ್ಕೆ! ಬಸ್ಸಲ್ಲಿ ನಿಂತ ಹಾಗೆ ವಾಲ್ಬೇಡಿ ಕಂಡಕ್ಟರ್ರೇ, ಮಣಿಕಟ್ಟು ಎತ್ತಿ," ಅಂತ ಟೀಚರಮ್ಮ ಗದರುತ್ತಾರೆ. ಬೆನ್ನು ನೆನಪಾದರೆ ಬೆರಳು ಮರೆತುಹೋಗುತ್ತದೆ.

ನಿನ್ನೆ ಹೇಗೋ 'ಏ ಇವಳೇ, ಊಟ ಆಯ್ತಾ?' ಎಂದು ಟೈಪ್ ಮಾಡಿದೆ. ಕಂಪ್ಯೂಟರ್ ಅದನ್ನು ಹೆಂಗಸಿನ ದನಿಯಲ್ಲಿ ಓದಿಬಿಟ್ಟಿತು! ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡು ದನಿ ಎಲ್ಲಿ ಒತ್ತಿದರೆ ಬರುತ್ತದೋ, ಇನ್ನೂ ಸಿಕ್ಕಿಲ್ಲ.

ಭಾನುವಾರ ಕ್ಲಾಸಿನಿಂದಲೇ ಫೋನ್ ಮಾಡಿ ಕಂಪ್ಯೂಟರಿನ ಹತ್ತಿರ ಹಿಡಿಯುತ್ತೇನೆ. ಯಾರೋ ಹೆಂಗಸೆಂದು ಇಟ್ಟುಬಿಡಬೇಡ. ನಡುನಡುವೆ ಸದ್ದಿಲ್ಲದಿದ್ದರೆ ಸ್ವಲ್ಪ ಕಾಯಿ, ಅಕ್ಷರ ಹುಡುಕುತ್ತಿರುತ್ತೇನೆ. ಆಮೇಲೆ ಫೋನನ್ನು ಮಗುವಿನ ಕಿವಿಗೆ ಹಿಡಿ. ಮಾತಾಡುತ್ತಿರುವುದು ತಾತ ಅಂತ ಮಾತ್ರ ನೀನೇ ಹೇಳಬೇಕು.

ಇಂತಿ,
ನಿನ್ನ ಮನೆಯವನು