ಬೇವು ಹಚ್ಚಿದ ಕೈ

ಶಿಡ್ಲಘಟ್ಟ,
೨೦ ನವೆಂಬರ್ ೨೦೨೪, ಬುಧವಾರ

ಮುದ್ದು ಸೊಸೆ ಮೌನಿಕಾಳಿಗೆ,

ನಿನ್ನ ಅತ್ತೆ ಶ್ಯಾಮಲಮ್ಮ ಮಾಡುವ ಆಶೀರ್ವಾದ. ಕೈ ಹೇಗಿದೆ ತಾಯಿ? ಬೆರಳ ಸಂದಿಯ ಬಿರುಕು ಕೂಡಿತೇ? ತುರಿಕೆಗೆ ನಿದ್ದೆ ಕೆಡುವುದು ನಿಂತಿತೇ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದ್ದೀನಿ ಅತ್ತೆ’ ಎಂದು ನಾಲ್ಕನೇ ಮಾತಿಗೆ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ, ಅದಕ್ಕೇ ಬರೆಯಲು ಕುಳಿತೆ. ನಾನು ಏಳನೇ ಕ್ಲಾಸಿನವಳು, ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಗೌರಿಬಿದನೂರಿನ ತವರಿಗೆ ಹೋಗಿ ಇಪ್ಪತ್ತೆರಡು ದಿನವಾಯಿತು. ಮನೆ ಬಿಕೋ ಎನ್ನುತ್ತಿದೆ. ಅವರೆಕಾಯಿ ಬಂದಿದೆ, ಬಿಡಿಸುತ್ತಾ ಕುಳಿತರೆ ಎದುರಿಗೆ ಯಾರೂ ಇಲ್ಲ. ಬೆಳಗ್ಗೆ ಅಭ್ಯಾಸಬಲದಿಂದ ‘ಮೌನಿಕಾ, ಹಾಲು ಬಂತಾ?’ ಎಂದು ಕೂಗುತ್ತೇನೆ, ಸುನೀಲ ಮುಖ ತಿರುಗಿಸಿಕೊಂಡು ಹೊರಗೆ ಹೋಗುತ್ತಾನೆ. ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದೆಯಲ್ಲ, ಕೈ ಉರಿಯುತ್ತಿದ್ದರೂ ಒಂದು ವಾರ ತಪ್ಪಿಸಲಿಲ್ಲ. ಈಗ ಗಂಟು ಕಟ್ಟಿಕೊಂಡು ತಿರುಗುತ್ತಿದ್ದೇನೆ. ಹೆತ್ತ ಮಗ ಮನೆಯಲ್ಲೇ ಇದ್ದಾನೆ, ಆದರೂ ನಿನ್ನ ದಾರಿ ಕಾಯುತ್ತೇನೆ. ಇದನ್ನು ಅವನಿಗೆ ಹೇಳಬೇಡ, ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಮೊನ್ನೆ ಸೋಮವಾರ ನಿನಗೆ ತಿಳಿಸದೆ ಚಿಂತಾಮಣಿಗೆ ಹೋಗಿ ಆಯುರ್ವೇದದ ಕೋನಪ್ಪನವರನ್ನು ಕಂಡುಬಂದೆ. ನಿನ್ನ ಕೈ ಹೀಗೆ, ಕೆಂಪು, ಉರಿ, ತುರಿಕೆ ಎಂದು ಹೇಳಿದೆ. ಅವರು ಔಷಧದ ಮಾತೇ ಎತ್ತಲಿಲ್ಲ, ಆ ಕೈ ದಿನವೂ ಏನೇನು ಮುಟ್ಟುತ್ತದೆ ಎಂದು ಕೇಳಿದರು. ರೇಷ್ಮೆಹುಳದ ಮನೆಗೆ ರೋಗ ಬಾರದ ಹಾಗೆ ಸುಣ್ಣ, ಬ್ಲೀಚಿಂಗ್ ಪೌಡರು ಬೆರೆಸಿ ಎರಚುತ್ತಾಳೆ, ಬರಿಗೈಯಲ್ಲೇ ಎಂದೆ. ತಲೆ ತಲೆ ಚಚ್ಚಿಕೊಂಡರು. ‘ಏಮ್ಮಾ, ಮುಳ್ಳು ಕಾಲಲ್ಲೇ ಇಟ್ಕೊಂಡು ಮೇಲೆ ಎಣ್ಣೆ ಸವರಿದ್ರೆ ವಾಸಿ ಆಗುತ್ತಾ? ಮೊದಲು ಯಾತರಿಂದ ಬಂತೋ ಅದನ್ನ ಬಿಡಿಸಿ, ಆಮೇಲೆ ಮದ್ದು’ ಎಂದರು. ಪಿತ್ತ ಕೆರಳಿ ರಕ್ತ ಕೆಟ್ಟಾಗ ಚರ್ಮ ಹೀಗಾಗುತ್ತದಂತೆ. ಹುಳಿ ಮೊಸರು, ಬದನೆಕಾಯಿ, ಒಣಮೀನು ಕೆಲವು ದಿನ ಬೇಡ. ಕೈಗೆ ಸೋಪಿನ ಬದಲು ಹೆಸರುಹಿಟ್ಟು. ಒಬ್ಬರ ಮೈಗೆ ಒಗ್ಗಿದ ಮದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ, ಆದ್ದರಿಂದ ಕೈ ನೋಡದೆ ಏನೂ ಕೊಡುವುದಿಲ್ಲ ಎಂದರು. ಬಿರುಕಿನಿಂದ ನೀರು ಒಸರಿದರೆ ಕಾಯದೆ ಚರ್ಮದ ಡಾಕ್ಟರಿಗೆ ತೋರಿಸಬೇಕಂತೆ. ಮನೆಯ ಎಣ್ಣೆ, ಸೊಪ್ಪು, ಪುಡಿ ಎಲ್ಲವನ್ನೂ ಆಯುರ್ವೇದ ಎಂದುಕೊಂಡು ಹಚ್ಚುವ ನನ್ನಂಥವರಿಗೂ ಒಂದು ಮಾತು ಬಿತ್ತು, ಅದನ್ನು ಬರೆಯುವುದಿಲ್ಲ.

ಬೆಳೆ ಕೆಟ್ಟ ಆ ದಿನದ ವಿಷಯ ಬಿಟ್ಟು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ. ಹುಳಗಳು ನಾಲ್ಕನೇ ಜ್ವರದ ನಿದ್ದೆ ಮುಗಿಸಿ, ಕೊನೆಯ ಪೊರೆ ಕಳಚಿ ಎದ್ದು ಹಸಿದಿದ್ದವು. ನೀನು ಹಾಕಿದ ಹಿಪ್ಪುನೇರಳೆ ಸೊಪ್ಪನ್ನು ಮುಟ್ಟದೆ ತಟ್ಟೆಯ ಅಂಚಿಗೆ ಸರಿದವು. ಸುನೀಲ ಎಲೆ ಮೂಸಿ, ಆಮೇಲೆ ನಿನ್ನ ಕೈ ಮೂಸಿ ನೋಡಿದ. ಬೇವಿನೆಣ್ಣೆ. ಬೇವು ತಾಕಿದ ಎಲೆಯನ್ನು ರೇಷ್ಮೆಹುಳ ತಿನ್ನುವುದಿಲ್ಲವೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ‘ಬುದ್ಧಿ ಇದ್ಯಾ ನಿಂಗೆ? ಬೆಳೆದ ಹುಳದ ಬಾಯಿಗೆ ಮಣ್ಣು ಹಾಕಿದ್ಯಲ್ಲ’ ಎಂದು ಪಕ್ಕದ ತೋಟದ ಆವಲಪ್ಪನ ಮುಂದೆ ಕೂಗಾಡಿದ. ನೀನು ತಲೆ ತಗ್ಗಿಸಿ ನಿಂತೆ. ಆ ಬೆಳೆ ಹೋಯಿತು, ಮೂರನೇ ದಿನ ನೀನೂ ಹೊರಟೆ. ಕೈ ವಾಸಿಯಾದ ಮೇಲೆ ಬರುತ್ತೇನೆ ಎಂದೆ. ಕೈ ಒಂದಕ್ಕೇ ಹೋದವಳಲ್ಲ ಎಂದು ನನಗೆ ಗೊತ್ತು.

ಈಗ ಪುಡಿ ಎರಚುವ ಕೆಲಸ ಸುನೀಲನದು. ಉದ್ದನೆಯ ಗ್ಲೌಸು ತರಿಸಿದ್ದೇನೆ. ನೀನು ಬಂದ ಮೇಲೂ ಅದು ಅವನದೇ ಕೆಲಸ, ನನ್ನ ಮಾತು.

ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ನಿನಗೆ ತುಂಬು ಆಯಸ್ಸು, ಉರಿಯಿಲ್ಲದ ನಿದ್ದೆ ಸಿಗಲಿ.

ನಿನ್ನ ಅತ್ತೆ,
ಶ್ಯಾಮಲಮ್ಮ

ಕವರು ಅಂಟಿಸುವ ಮೊದಲು ಇಷ್ಟು: ಬೆಳಗ್ಗೆ ಹಿಪ್ಪುನೇರಳೆ ತೋಟದಲ್ಲಿ ಸುನೀಲನಿಗೆ ಎಲ್ಲಾ ಹೇಳಿಬಿಟ್ಟೆ. ನೀನು ಬೇಡ ಬೇಡ ಎಂದರೂ ಹಿಡಿದು ಕೂರಿಸಿ ಬೇವಿನೆಣ್ಣೆ ಹಚ್ಚಿದವಳು ನಾನು. ಎರಡು ದಿನ ಸೊಪ್ಪು ಮುಟ್ಟಬೇಡ ಎಂದವಳೂ ನಾನೇ, ಮಂಡಿ ನೋವೆಂದು ಮಲಗಿ ‘ಕೈ ತೊಳ್ಕೊಂಡು ನೀನೇ ಹಾಕಮ್ಮ’ ಎಂದವಳೂ ನಾನೇ. ಅವನು ಬೈಯುವಾಗ ಬಾಗಿಲಲ್ಲಿ ನಿಂತು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂವತ್ತು ವರ್ಷ ಹುಳ ಸಾಕಿದವಳು ಎಂಬ ಹೆಸರು ಆವಲಪ್ಪನ ಎದುರು ಹೋಗುತ್ತದಲ್ಲ ಎಂಬ ಭಯ. ಆವಲಪ್ಪನಿಗೂ ಹೇಳಿಬಂದೆ. ಸುನೀಲ ಕುಡುಗೋಲು ಕೆಳಗಿಟ್ಟು ‘ಮತ್ತೆ ಅವಳು ಯಾಕಮ್ಮ ಹೇಳ್ಲಿಲ್ಲ?’ ಎಂದು ಕೇಳಿದ. ನನಗೆ ಅಳು ಬಂತು. ಈಗ ಅಂಗಿ ಬದಲಿಸಿ ಬಸ್ಸಿಗೆ ಹೊರಟಿದ್ದಾನೆ, ಕಾಗದ ಕೊಡು, ನಾನೇ ತಲುಪಿಸುತ್ತೇನೆ ಎನ್ನುತ್ತಿದ್ದಾನೆ. ಕೊಡುವುದಿಲ್ಲ. ಅವನ ತಪ್ಪನ್ನು ಅವನು ಬಾಯಿಂದ ಹೇಳಲಿ. ನನ್ನದು ಅಂಚೆಯಲ್ಲಿ ಬರುತ್ತದೆ. ಅತ್ತೆಯಾದವಳು ಸೊಸೆಯ ಹತ್ತಿರ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳುತ್ತಿದ್ದೇನೆ, ಮೌನಿಕಾ.