ಜಯಲತಾಳಿಗೆ ತಿನ್ನಿಸಿದ ಸೊಪ್ಪು

ಜನವರಿ 8, ಬೆಳಗ್ಗೆ 11
ಇವತ್ತೂ ವಾಶಿ ಮಾರ್ಕೆಟ್ಟಿನಿಂದ ಬಾಕ್ ಚಾಯ್ ತಂದೆ. ಚೀನೀ ಸೊಪ್ಪು. ದಂಟಿನ ಬುಡದಲ್ಲೆಲ್ಲ ಮಣ್ಣು. ಮೂರು ಸಲ ತೊಳೆದೆ. ಎಣ್ಣೆ ಹೊಗೆಯಾಡಿದ ಮೇಲೆ ಬೆಳ್ಳುಳ್ಳಿ, ಆಮೇಲೆ ದಂಟು, ಕೊನೆಗೆ ಎಲೆ, ನಾಲ್ಕು ಹನಿ ಸೋಯಾ ಸಾಸ್. ಎರಡೇ ನಿಮಿಷ. ಹೋಟೆಲಿನ ಚೈನೀಸ್ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ಯಾರು ಯಾರಿಗೋ ಮಾಡಿದೆ. ಹೆಂಡತಿಗೆ ಮಾಡುತ್ತಿರುವುದು ಈಗ, ಒಂದು ವಾರದಿಂದ. ಹೃದಯದ ವಾಲ್ವ್ ಬದಲಿಸಿ ಐದು ತಿಂಗಳು — ಜಯಲತಾ ತೀರಾ ಸೊರಗಿದ್ದಾಳೆ. ಮೊಬೈಲಿನಲ್ಲಿ ಓದಿದೆ: ಕ್ಯಾಲ್ಸಿಯಂ, ವಿಟಮಿನ್ ಎ, ಸಿ, ಕೆ... ಎಲ್ಲ ಇದೆಯಂತೆ.
"ದಿನಾ ಇದೇ ಎಂತದು ಮಾರಾಯ್ರೆ?" ಎಂದಳು. ತಟ್ಟೆ ಮಾತ್ರ ಖಾಲಿ ಮಾಡಿದಳು.

ಜನವರಿ 21
ರಕ್ತ ತೆಳುವಾಗಿಡುವ ಮಾತ್ರೆ ಸರಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಟೆಸ್ಟ್ ಇವತ್ತಿತ್ತು, ಹೋಗಲಿಲ್ಲ. ಅವಳ ಮುಖದಲ್ಲಿ ಕಳೆ ಬಂದಿದೆ. ಸಾನಪಾಡಾ ಸ್ಟೇಷನ್ನಿನವರೆಗೆ ನಡೆದು ಬಂದಳು. ಮುಂದೆ ಯಾವಾಗಲಾದರೂ ಹೋದರಾಯಿತು — ನಾನೇ ಹೇಳಿದೆ.

ಫೆಬ್ರವರಿ 2, ಆಸ್ಪತ್ರೆ
ಬೆಳಗ್ಗೆ ಚಹಾದ ಲೋಟ ಅವಳ ಕೈಯಿಂದ ಬಿತ್ತು. ಬಾಯಿ ಸೊಟ್ಟಗಾಯಿತು. ಮಾತಿಲ್ಲ. ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿ ಅದರ ಚೂರು ಮೆದುಳಿಗೆ ಹೋಗಿದೆಯಂತೆ.
"ಸರ್ವೋತ್ತಮ್‌ಜೀ, ಗೋಲಿ ಮಿಸ್ ಹುಯೀ ಕ್ಯಾ?" ಡಾಕ್ಟರ್ ಕೇಳಿದರು. ಮಾತ್ರೆ ಒಂದೂ ತಪ್ಪಿಲ್ಲ ಎಂದೆ. ಊಟದಲ್ಲಿ ಸೊಪ್ಪು ಜಾಸ್ತಿ ಆಗಿತ್ತೇ ಎಂದೂ ಕೇಳಿದರು.
ಅವರ ದನಿ ಕೇಳಿಯೇ ಹೆದರಿದೆ. ಅದಕ್ಕೂ ಇಲ್ಲ ಎಂದೆ.

ಫೆಬ್ರವರಿ 3
ಆಪರೇಷನ್ ಆದಾಗ ಕೊಟ್ಟ ಕಾಗದ ಹುಡುಕಿದೆ. ಎರಡನೆಯ ಪುಟ. ಸೊಪ್ಪಿನಲ್ಲಿರುವ ವಿಟಮಿನ್ ಕೆ ರಕ್ತ ತೆಳುವಾಗಿಡುವ ಮಾತ್ರೆಯ ಶಕ್ತಿ ಕುಗ್ಗಿಸುತ್ತದೆ, ಸೊಪ್ಪು ಹೆಚ್ಚಿಸುವ ಮೊದಲು ಕೇಳಿ ಎಂದಿದೆ. ಆರು ತಿಂಗಳು ಕಪಾಟಿನಲ್ಲೇ ಇತ್ತು.

ಫೆಬ್ರವರಿ 6
ಮಗಳು ಅನುಷ್ಕಾ ಫ್ರಿಜ್ ತೆರೆದಳು. ಮೂರು ಕಟ್ಟು, ಹಳದಿ ತಿರುಗಿದ್ದವು.
"ಪಪ್ಪಾ, ಮಮ್ಮಿ ರೋಜ್ ಯಹೀ ಖಾತೀ ಥೀ?"
"ಹೂಂ, ದಿನಾ ಇದೇ."
"ಡಾಕ್ಟರ್ ಕೋ ಬೋಲಾ?"
ಡಾಕ್ಟರಿಗೆ ಹೇಳಿಲ್ಲ ಎಂದೆ.
"ಆಸ್ಪತ್ರೆಯಲ್ಲಿ ಡೋಸ್ ಜಾಸ್ತಿ ಕರ್ ದಿಯಾ ಹೈ ಪಪ್ಪಾ! ಸೊಪ್ಪು ಬಂದ್, ಗೋಲಿ ಜಾಸ್ತಿ... ಬ್ಲೀಡಿಂಗ್ ಹೋ ಜಾಯೇಗಾ!"
ಮೂರೂ ಕಟ್ಟು ತೆಗೆದು ಕಸದ ಡಬ್ಬಿಗೆ ಹಾಕಿದಳು.

ಫೆಬ್ರವರಿ 7, ಮಧ್ಯಾಹ್ನ
ಡಾಕ್ಟರಿಗೆ ಹೇಳಿದೆ. ಬಯ್ಯಲಿಲ್ಲ. ಡೋಸ್ ಇಳಿಸಿ ಬರೆದರು. ಬೈದಿದ್ದರೆ ಚೆನ್ನಾಗಿತ್ತು.
ಜಯಲತಾಳಿಗೂ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ. ನೋಡುತ್ತಲೇ ಇದ್ದಳು. ಸಿಸ್ಟರ್ ಗಂಜಿ ತಂದರು. ಚಮಚ ನಾನೇ ಹಿಡಿದೆ. ಬಾಯಿ ತೆರೆಯಲಿಲ್ಲ. "ಸ್ವಲ್ಪ, ಜಯಾ" ಎಂದೆ. ಮುಖ ಆಚೆ ತಿರುಗಿಸಿದಳು. ಅನುಷ್ಕಾ ಚಮಚ ತೆಗೆದುಕೊಂಡಳು — ಜಯಾ ಬಾಯಿ ತೆರೆದಳು.
ಕಾರಿಡಾರಿಗೆ ಬಂದು ಕೂತಿದ್ದೇನೆ. ಒಳಗೆ ಜಯಾ ಮಗಳ ಕೈಯಿಂದ ಇನ್ನೂ ತಿನ್ನುತ್ತಿದ್ದಾಳೆ. ನಾನು ಹೊರಗೆ.